ದಿಂಬಿನ ಕೆಳಗಿನ ರೊಟ್ಟಿ

ಪ್ರಶ್ನೆ: ಪೋಷಕತ್ವ ಯೋಜನೆಯಡಿ (ದತ್ತು ಪಡೆಯದೆ ಮಗುವನ್ನು ಮನೆಯಲ್ಲಿಟ್ಟು ಸಾಕುವ ವ್ಯವಸ್ಥೆ) ಏಳು ವರ್ಷದ ಹುಡುಗಿಯನ್ನು ಮನೆಗೆ ಕರೆತಂದು ಎರಡು ತಿಂಗಳಾಯಿತು. ಹನ್ನೊಂದಾದರೂ ನಿದ್ದೆ ಮಾಡುವುದಿಲ್ಲ, ನಡುರಾತ್ರಿ ಚೀರುತ್ತಾಳೆ, ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡುತ್ತಾಳೆ. ‘ಬ್ಯಾರೆ ಕೋಣ್ಯಾಗ ಮಲಗಸು, ಅತ್ತತ್ತು ಸುಮ್ಮನಾಗ್ತಾಳ’ ಅಂತಾರೆ ಅತ್ತೆ. ನನಗೂ ನಿದ್ದೆಯಿಲ್ಲ. ವಾಪಸ್ ಕಳಿಸಿಬಿಡಲೇ ಅನ್ನಿಸುತ್ತದೆ.
– ರಾಯಚೂರಿನ ಓದುಗರು

ಉತ್ತರ: ಅಷ್ಟು ದೊಡ್ಡ ತೀರ್ಮಾನವನ್ನು ನಿದ್ದೆಗೆಟ್ಟ ತಲೆಯಿಂದ ಮಾಡಬೇಡಿ ತಾಯಿ. ಮೊದಲು ನಿಮ್ಮ ನಿದ್ದೆ. ರಾತ್ರಿ ಎರಡರವರೆಗೆ ಅತ್ತೆ ಅಥವಾ ಯಜಮಾನರು, ಆಮೇಲೆ ನೀವು ಎಂದು ಪಾಳಿ ಹಾಕಿಕೊಳ್ಳಿ. ಗಂಡಸರ ಹತ್ತಿರ ಮಗು ಮುದುಡುತ್ತಿದ್ದರೆ ಅತ್ತೆಯವರೇ ಇರಲಿ. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ನಾಲ್ಕೈದು ಗಂಟೆ ಬಿಡದೆ ಮಲಗಬೇಕು. ರಾತ್ರಿ ಯಾರು ಇರುತ್ತಾರೆಂದು ಮಗುವಿಗೆ ಮುಂಚೆಯೇ ಹೇಳಿ.

ಮಗುವನ್ನು ಒಂಟಿಯಾಗಿ ಮಲಗಿಸುವುದು ಈಗ ಖಂಡಿತ ಬೇಡ. ಅತ್ತತ್ತು ಸುಮ್ಮನಾದರೆ, ಕರೆದರೂ ಯಾರೂ ಬರುವುದಿಲ್ಲ ಎಂಬುದನ್ನೇ ಅದು ಕಲಿಯುತ್ತದೆ. ಪಕ್ಕದಲ್ಲೇ ಪಾಳಿಯಲ್ಲಿರುವವರ ಚಾಪೆ ಇರಲಿ. ನಿದ್ದೆ ಕುದುರಿದ ಮೇಲೆ ಸ್ವಲ್ಪ ಸ್ವಲ್ಪವೇ ದೂರ ಸರಿಸಿ.

ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಹಾಗಂತ ಎಂಟಕ್ಕೇ ಮಲಗಿಸಿ ಮೂರು ತಾಸು ಜಗ್ಗಾಡಿದರೆ ಹಾಸಿಗೆಯೆಂದರೇ ಜಗಳ ಎಂದಾಗುತ್ತದೆ. ಈಗ ಹನ್ನೊಂದಕ್ಕೆ ನಿದ್ದೆ ಹತ್ತುತ್ತಿದ್ದರೆ ಹನ್ನೊಂದಕ್ಕೇ ಮಲಗಿಸಿ. ಮಲಗಿದ ಕೂಡಲೇ ನಿದ್ದೆ ಬರತೊಡಗಿದಾಗ, ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಮುಂಚೆ ಮಲಗಿಸುತ್ತಾ ಬನ್ನಿ. ಬೆಳಿಗ್ಗೆ ಏಳುವ ಹೊತ್ತು ಭಾನುವಾರವೂ ಬದಲಾಗಬಾರದು; ಬಹಳ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಸ್ನಾನ, ಕಥೆ, ಝೀರೋ ಬಲ್ಬ್: ದಿನಾ ಇದೇ ಕ್ರಮ. ಮಧ್ಯಾಹ್ನದ ಮೇಲೆ ಚಹಾ ಬೇಡ, ಮಲಗುವ ಒಂದು ತಾಸು ಮೊದಲೇ ಮೊಬೈಲ್ ಬಂದ್. ಬೇಸಿಗೆಗೆ ಮಾಳಿಗೆ ಮೇಲೆ ಮಲಗಿದರೂ ಅದೇ ಚಾದರ, ಅದೇ ಸೊಳ್ಳೆಪರದೆ.

ರೊಟ್ಟಿ ಕಸಿಯಬೇಡಿ. ಹಸಿವು ಕಂಡ ಮಕ್ಕಳು ಹೀಗೆ ಮಾಡುತ್ತವೆ. ಮುಚ್ಚಳದ ಡಬ್ಬಿಯಲ್ಲಿ ಶೇಂಗಾ, ಚುರುಮುರಿ ಹಾಕಿ ‘ಇದು ನಿಂದು’ ಎಂದು ತಲೆಹತ್ತಿರ ಇಡಿ, ದಿನಾ ಅವಳ ಎದುರೇ ತುಂಬಿಸಿ.

ಮಲಗಿದ ಒಂದರಿಂದ ಮೂರು ತಾಸಿನೊಳಗೆ ಕಣ್ಣು ಬಿಟ್ಟು ಚೀರಿ, ನಿಮ್ಮ ಗುರುತೇ ಹತ್ತದಿದ್ದರೆ ಅಲುಗಾಡಿಸಿ ಎಬ್ಬಿಸಬೇಡಿ. ಪೆಟ್ಟಾಗದಂತೆ ಕಾಯಿರಿ, ತಾನೇ ತಣ್ಣಗಾಗುತ್ತಾಳೆ. ಬೆಳಗಿನ ಜಾವ ಪೂರ್ತಿ ಎಚ್ಚರವಾಗಿ ಅತ್ತರೆ ಅದು ಕೆಟ್ಟ ಕನಸು, ‘ಹಿಡಕೊಳ್ಳಲಾ?’ ಎಂದು ಕೇಳಿ ಅಪ್ಪಿಕೊಳ್ಳಿ.

ನಿದ್ದೆ ಬರಲೆಂದು ನೆಗಡಿ ಸಿರಪ್ ಕುಡಿಸಲೇಬೇಡಿ. ಗೊರಕೆಯಿದ್ದರೆ, ರಾತ್ರಿ ಗುದದ್ವಾರ ತುರಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಟಾನ್ಸಿಲ್, ಜಂತುಹುಳು ಎರಡೂ ನಿದ್ದೆ ಕೆಡಿಸುತ್ತವೆ. ಎರಡು ವಾರ ಮಲಗಿದ, ಎದ್ದ ಹೊತ್ತು ಬರೆದಿಟ್ಟು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಯ್ಯಿರಿ, ಆಪ್ತಸಮಾಲೋಚಕರನ್ನು ಕೇಳಿ. ಮಗು ಎಲ್ಲಿರಬೇಕೆಂದು ನಿರ್ಧರಿಸುವುದು ಮಕ್ಕಳ ಕಲ್ಯಾಣ ಸಮಿತಿ. ನಿಮಗೇ ತಡೆಯಲಾಗದಷ್ಟು ಸಂಕಟವಾದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.