ಮೊದಲು ಯಾವ ಪರೀಕ್ಷೆ? ಸ್ಕಾರ್‌ಬರೋದ ತಮ್ಮನಿಗೆ

ತಮ್ಮಾ,

ಸಿದ್ದಾಪುರದಿಂದ ಬಂದು ಟೊರಾಂಟೊದ ಸ್ಕಾರ್‌ಬರೋದ ನೆಲಮಾಳಿಗೆಯ ಕೋಣೆಯಲ್ಲಿ ಐದು ವಾರ ಕಳೆದೆ ಎಂದು ಬರೆದಿದ್ದೀಯ. ಐಟಿ ಸಪೋರ್ಟ್ ಕೆಲಸ ಹಿಡಿಯಬೇಕೆಂದಿದ್ದೀಯ. ಎ ಪ್ಲಸ್ (ಕಂಪ್ಯೂಟರ್ ಸಪೋರ್ಟ್‌ನ ಆರಂಭಿಕ ಪರೀಕ್ಷೆ), ನೆಟ್‌ವರ್ಕ್ ಪ್ಲಸ್, ಸಿಸ್ಕೊದ ನೆಟ್‌ವರ್ಕ್ ಪರೀಕ್ಷೆ ಸಿಸಿಎನ್‌ಎ, ಮೈಕ್ರೋಸಾಫ್ಟಿನ ಎಂಸಿಎಸ್‌ಇ, ಈ ಪ್ರಮಾಣಪತ್ರ ಪರೀಕ್ಷೆಗಳೆಲ್ಲವನ್ನೂ ಸೇರಿಸಿದ ಆರು ತಿಂಗಳ ಪ್ಯಾಕೇಜ್ ಇದೆ, ಕೆಲಸವೂ ಖಾತ್ರಿ ಎಂದು ತರಬೇತಿ ಸಂಸ್ಥೆಯೊಂದು ಹೇಳುತ್ತಿದೆಯಂತೆ. ‘ಅಕ್ಕಾ, ಹಣ ಕಟ್ಟಲೇ?’ ಎಂಬುದು ನಿನ್ನ ಪ್ರಶ್ನೆ.

ಕಟ್ಟಬೇಡ. ಎಂಸಿಎಸ್‌ಇಯನ್ನು ಮೈಕ್ರೋಸಾಫ್ಟ್ 2021ರ ಜನವರಿಯಲ್ಲೇ ನಿಲ್ಲಿಸಿದೆ. ಇಲ್ಲದ ಪರೀಕ್ಷೆಗೆ ಹಣ ಕೇಳುವವರು ಉಳಿದದ್ದನ್ನು ಎಷ್ಟು ಚೆನ್ನಾಗಿ ಕಲಿಸಿಯಾರು?

ನಾನು ಕಟ್ಟಿದ್ದೆ. 2012ರ ಜನವರಿಯಲ್ಲಿ, ಹಿಮದ ಮೇಲೆ ಬಾಟಾ ಚಪ್ಪಲಿಯಲ್ಲಿ ನಡೆದು ಹೋಗಿ ಅಂಥದೇ ಒಂದು ಸಂಸ್ಥೆಗೆ ಸೇರಿದೆ. ಅಪ್ಪ ಕಳಿಸಿದ್ದು ಆ ವರ್ಷದ ಅಡಿಕೆಯ ದುಡ್ಡು. ಕೊಳೆ ರೋಗ ಬಂದು ಅರ್ಧ ಫಸಲು ಉದುರಿದ ವರ್ಷ ಅದು. ನೀನೂ ತೋಟದ ಮನೆಯವನು, ಹೆಚ್ಚು ಹೇಳಬೇಕಾಗಿಲ್ಲ. ಸಂಸ್ಥೆಯವರು ಕೈಗಿತ್ತದ್ದು ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೋತ್ತರಗಳ ಕಟ್ಟು. ಎಸ್‌ಎಸ್‌ಎಲ್‌ಸಿಗೆ ಓದಿದಂತೆ ಉರು ಹೊಡೆದೆ, ಎ ಪ್ಲಸ್ ಪಾಸಾದೆ. ಊರಿಗೆ ಫೋನ್ ಮಾಡಿದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹಾಗೆ ಪಾಸಾಗುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಪ್ರಮಾಣಪತ್ರವನ್ನೇ ರದ್ದು ಮಾಡುತ್ತಾರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ನಾನು ಹೋಗಲೂ ಇಲ್ಲ.

ಹೆಲ್ಪ್‌ಡೆಸ್ಕ್ ಕೆಲಸ ಸಿಕ್ಕಿತು. ಮೂರನೆಯ ತಿಂಗಳು ಒಬ್ಬ ಹಿರಿಯ ಮಹಿಳೆ ಕರೆ ಮಾಡಿದರು. ‘ಕಂಪ್ಯೂಟರ್ ತೆರೆದರೆ ಡೆಸ್ಕ್‌ಟಾಪ್ ಖಾಲಿಯಾಗಿದೆ, ನನ್ನದೇನೂ ಕಾಣುತ್ತಿಲ್ಲ’ ಎಂದರು. ವಿಂಡೋಸ್ 7ರ ದಿನಗಳು. ಆಕೆಯ ಪ್ರೊಫೈಲ್, ಅಂದರೆ ಆಕೆಯ ಕಡತಗಳೂ ಸೆಟ್ಟಿಂಗ್‌ಗಳೂ ಇರುವ ಜಾಗ, ಕೆಟ್ಟು, ಯಂತ್ರ ತಾತ್ಕಾಲಿಕ ಪ್ರೊಫೈಲಿನಲ್ಲಿ ತೆರೆದುಕೊಂಡಿತ್ತು. ಹಳೆಯ ಕಡತಗಳೆಲ್ಲ ಹಳೆಯ ಫೋಲ್ಡರಿನಲ್ಲಿ ಸುರಕ್ಷಿತವಾಗಿಯೇ ಇದ್ದವು. ನಾನು ದೂರದಿಂದ ಸಂಪರ್ಕ ಪಡೆದು, ಹಳೆಯ ಪ್ರೊಫೈಲನ್ನು ಆ ಫೋಲ್ಡರ್ ಸಮೇತ ಅಳಿಸಿ, ಹೊಸದು ಮಾಡಿಕೊಟ್ಟೆ. ಐದು ನಿಮಿಷದ ಕೆಲಸ. ಆಮೇಲೆ ಆಕೆ ಕೇಳಿದರು: ‘ನನ್ನ ಹಾಡುಗಳು ಎಲ್ಲಿ?’

ಚರ್ಚಿನ ಗಾಯಕರಿಗಾಗಿ ವರ್ಷಗಟ್ಟಲೆ ಊಟದ ಬಿಡುವಿನಲ್ಲಿ ಕುಳಿತು ಟೈಪ್ ಮಾಡಿದ್ದ ಹಾಡುಗಳು. ಹಾಗೆ ಅಳಿಸಿದ ಪ್ರೊಫೈಲ್ ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಆಕೆ ಬೈಯಲಿಲ್ಲ, ‘ಸರಿ ಮಗಳೇ’ ಎಂದು ಫೋನ್ ಇಟ್ಟರು. ನಾನು ಟಿಕೆಟ್‌ನಲ್ಲಿ, ಅಂದರೆ ಆ ದೂರಿನ ದಾಖಲೆಯಲ್ಲಿ, ‘ಹೊಸ ಪ್ರೊಫೈಲ್ ಮಾಡಲಾಗಿದೆ, ಸಮಸ್ಯೆ ಬಗೆಹರಿದಿದೆ’ ಎಂದು ಬರೆದು ಮುಚ್ಚಿದೆ. ಕಡತ ಹೋದದ್ದನ್ನು ಬರೆಯಲಿಲ್ಲ. ಮರುದಿನ ಕರೆ ಮಾಡಿ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಮುಂದಿನ ವರ್ಷ ಆಕೆ ನಿವೃತ್ತರಾದರು.

ಎ ಪ್ಲಸ್‌ನಲ್ಲಿ ದೋಷ ಹುಡುಕುವ ಆರು ಹಂತಗಳಿವೆ. ಮೊದಲ ಹಂತದಲ್ಲೇ ಇದೆ: ಬಳಕೆದಾರರನ್ನು ಕೇಳು, ಏನನ್ನಾದರೂ ಬದಲಿಸುವ ಮೊದಲು ಬ್ಯಾಕಪ್ ಮಾಡು. ಕೊನೆಯದು, ಮಾಡಿದ್ದನ್ನೂ ಆದದ್ದನ್ನೂ ಬರೆದಿಡು. ಎರಡಕ್ಕೂ ನಾನು ಪರೀಕ್ಷೆಯಲ್ಲಿ ಸರಿಯುತ್ತರ ಗುರುತಿಸಿದ್ದೆ. ಕಾಲಿಗೆ ಹಾಕುವ ತಳೆಯನ್ನು ಜಗ್ಗಿ ನೋಡದೆ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನನ್ನು ನಮ್ಮ ಕಡೆ ಕಂಡಿದ್ದೀಯಾ? ಅವನಿಗೆ ಯಾರೂ ಪ್ರಶ್ನೆಪತ್ರಿಕೆ ಕೊಟ್ಟಿರುವುದಿಲ್ಲ, ಕೈಗೇ ರೂಢಿಯಾಗಿರುತ್ತದೆ. ನನ್ನ ಕೈಗೆ ಆ ರೂಢಿ ಇರಲಿಲ್ಲ.

ಹಾಗಾಗಿ, ಮೊದಲು ಎ ಪ್ಲಸ್ ಒಂದೇ ಸಾಕು. ಎರಡು ಪತ್ರಿಕೆಗಳು, ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆಗಳು. 900ರ ಅಳತೆಯಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು. 2025ರಲ್ಲಿ ಬಂದ ಹೊಸ ಆವೃತ್ತಿಯ ಸಂಖ್ಯೆಗಳು 220-1201 ಮತ್ತು 220-1202; ಯಾರಾದರೂ ಹಳೆಯ ಪುಸ್ತಕವನ್ನು ಅಗ್ಗಕ್ಕೆ ಕೊಟ್ಟರೆ ರಟ್ಟಿನ ಮೇಲೆ ಆ ಸಂಖ್ಯೆ ನೋಡು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಟೊರಾಂಟೊ ಪಬ್ಲಿಕ್ ಲೈಬ್ರರಿಯ ಕಾರ್ಡ್ ನಿನಗೆ ಉಚಿತ, ಅದರಲ್ಲೇ ಲಿಂಕ್ಡ್‌ಇನ್ ಲರ್ನಿಂಗ್ ಪಾಠಗಳೂ ಸಿಗುತ್ತವೆ. ನಾಳೆಯೇ ಹೋಗಿ ಮಾಡಿಸಿಕೋ.

ಕೆಲಸಕ್ಕೆ ಸೇರಿದ ಮೇಲೆ ಮೈಕ್ರೋಸಾಫ್ಟಿನ ಎಂಡಿ-102, ಕಚೇರಿಯ ಕಂಪ್ಯೂಟರ್‌ಗಳನ್ನು ನಿರ್ವಹಿಸುವ ಪರೀಕ್ಷೆ. ನೆಟ್‌ವರ್ಕ್ ನಿಜವಾಗಿ ಇಷ್ಟವಾದರೆ ಮಾತ್ರ ಸಿಸಿಎನ್‌ಎ. ಐಟಿ ಸೇವೆಯ ನಿರ್ವಹಣೆಯ ಪರೀಕ್ಷೆ ಐಟಿಐಎಲ್ ಫೌಂಡೇಶನ್ ಬಗ್ಗೆ ಕೇಳಿದ್ದೀಯ: 40 ಪ್ರಶ್ನೆ, ಒಂದು ಗಂಟೆ, 26 ಸರಿಯಾದರೆ ಪಾಸು. ಕಂಪನಿ ಹಣ ಕೊಟ್ಟರೆ ಬರೆ. ‘ಕೆನಡಾದ ಅನುಭವ’ ಬೇಕೆಂದು ಜಾಹೀರಾತಿನಲ್ಲಿ ಕೇಳುವುದನ್ನು 25 ಅಥವಾ ಹೆಚ್ಚು ನೌಕರರಿರುವ ಕಡೆ ನಮ್ಮ ಪ್ರಾಂತ್ಯ ಒಂಟಾರಿಯೊ 2026ರ ಜನವರಿ 1ರಿಂದ ನಿಷೇಧಿಸಿದೆ. ಆದರೂ ಸಂದರ್ಶನದಲ್ಲಿ ನೀನು ಏನನ್ನಾದರೂ ಮಾಡಿ ತೋರಿಸಲೇಬೇಕಾಗುತ್ತದೆ. ವಾಹನ ಚಾಲನಾ ಪರವಾನಗಿಯನ್ನೂ ಮರೆಯಬೇಡ, ಕಚೇರಿಯಿಂದ ಕಚೇರಿಗೆ ಓಡಾಡುವ ಕೆಲಸಗಳು ಬಹಳ ಇವೆ.

ಉಳಿದ ಹೊತ್ತನ್ನೆಲ್ಲ ಯಂತ್ರದ ಮುಂದೆ ಕಳೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುಯಲ್‌ಬಾಕ್ಸ್ ಉಚಿತ, ವಿಂಡೋಸ್ ಸರ್ವರ್‌ನ ಪ್ರಾಯೋಗಿಕ ಪ್ರತಿ 180 ದಿನ ನಡೆಯುತ್ತದೆ. ಅದರಲ್ಲಿ ಬಳಕೆದಾರರ ಖಾತೆಗಳನ್ನು ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿ ಸ್ಥಾಪಿಸು, ಹತ್ತು ಬಳಕೆದಾರರನ್ನು ಸೃಷ್ಟಿಸು, ಅವರ ಪಾಸ್‌ವರ್ಡ್ ಕೆಡಿಸಿ ನೀನೇ ಸರಿಮಾಡು.

ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಕೀಲು ಸಡಿಲವಾಗಿದೆ, ಆದರೆ 16 ಜಿಬಿ ಮೆಮೊರಿ ಇದೆ. ಶನಿವಾರ ಊಟಕ್ಕೆ ಬಂದು ಅದನ್ನು ತೆಗೆದುಕೊಂಡು ಹೋಗು, ತಂಬುಳಿ ಮಾಡಿರುತ್ತೇನೆ. ಅದರಲ್ಲಿ ಒಂದು ಬಳಕೆದಾರ ಪ್ರೊಫೈಲನ್ನು ಕೆಡಿಸಿಟ್ಟಿದ್ದೇನೆ. ಡೆಸ್ಕ್‌ಟಾಪಿನಲ್ಲಿದ್ದ ಕಡತಗಳಲ್ಲಿ ಒಂದೂ ಕಳೆಯದಂತೆ ಸರಿಪಡಿಸಿ, ಏನು ಮಾಡಿದೆ ಎಂದು ನನಗೆ ಬರೆ.