ಸಂಪಾದಕರ ಉತ್ತರ: ಸಾಲ ತೀರಿಸಲು ನಡುವೆ ದಲ್ಲಾಳಿ ಬೇಡ

ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಗಂಡ ಆಟೋ ಓಡಿಸುತ್ತಾರೆ, ಇವರದು ಮನೆಯಲ್ಲೇ ಹೊಲಿಗೆ. ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿ ಬಾಕಿ, ಒಂದು ಪರ್ಸನಲ್ ಲೋನ್, ಅಡವಿಟ್ಟ ಬಳೆ, ಮೇಲೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪು) ಸಾಲ. ‘ಎಲ್ಲವನ್ನೂ ಒಂದೇ ಕಂತು ಮಾಡಿ ಅರ್ಧಕ್ಕೆ ಇಳಿಸುತ್ತೇವೆ, ಮೊದಲು 15,000 ಕಟ್ಟಿ’ ಎಂದು ಯಾರೋ ಫೋನು ಮಾಡಿದ್ದಾರೆ. ಇದನ್ನು ಸಾಲ ನಿರ್ವಹಣಾ ಯೋಜನೆ ಅಂತಾರಂತೆ, ಸೇರಬಹುದಾ ಎಂದು ಕೇಳಿದ್ದಾರೆ.

ಆ 15,000 ಕೊಡಬೇಡಿ. ಅಷ್ಟು ದುಡ್ಡು ಹೊಂದಿಸಲು ಆಗುವುದಾದರೆ ಕಾರ್ಡಿನ ಬಾಕಿಗೇ ಕಟ್ಟಿ.

ಸಾಲ ನಿರ್ವಹಣಾ ಯೋಜನೆ ಎಂಬುದೇ ಸುಳ್ಳಲ್ಲ. ಬ್ರಿಟನ್ನಿನಲ್ಲಿ ಇದು ಬಳಕೆಯಲ್ಲಿದೆ. ಮನೆಖರ್ಚು ಕಳೆದು ಉಳಿಯುವ ಹಣವನ್ನು ಸಾಲಗಾರ ತಿಂಗಳಿಗೊಮ್ಮೆ ಒಂದೇ ಕಡೆ ಕಟ್ಟುತ್ತಾನೆ. ಅದನ್ನು ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಅಲ್ಲಿ ಇದನ್ನು ಪುಕ್ಕಟೆಯಾಗಿ ಮಾಡಿಕೊಡುವ ಸಂಸ್ಥೆಗಳೂ ಇವೆ. ಆದರೆ ಅಸಲು ಮನ್ನಾ ಆಗುವುದಿಲ್ಲ, ಸಾಲ ಕೊಟ್ಟವರು ಒಪ್ಪಲೇಬೇಕು ಎಂದೂ ಇಲ್ಲ. ಅಡವಿನ ಸಾಲ ಇದರೊಳಗೆ ಬರುವುದೇ ಇಲ್ಲ. ನಮ್ಮಲ್ಲಿ ಇಂಥದ್ದಕ್ಕೆ ಪ್ರತ್ಯೇಕ ಕಾನೂನಿಲ್ಲ. ಕಂತು ಇಳಿಸುವುದು ಬ್ಯಾಂಕಿನ ಕೈಯಲ್ಲಿದೆ, ಫೋನು ಮಾಡಿದವರ ಕೈಯಲ್ಲಲ್ಲ. ನೀವೇ ಕೇಳಬಹುದು.

ಮೊದಲು ಕಾರ್ಡು ನೋಡೋಣ. ನಿಮ್ಮ ಬಿಲ್ಲಿನಲ್ಲಿ ಬಡ್ಡಿ ತಿಂಗಳಿಗೆ 3.5 ಶೇಕಡಾ ಎಂದಿದೆ. 60,000ಕ್ಕೆ ಅದು 2,100 ಆಯಿತು. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, 378. ನೀವು ಪ್ರತಿ ತಿಂಗಳು ತಪ್ಪದೆ ಕಟ್ಟುತ್ತಿರುವ ‘ಮಿನಿಮಮ್’ 3,000ದಲ್ಲಿ ಅಸಲಿಗೆ ಹೋಗುವುದು ಬರೀ 522 ರೂಪಾಯಿ! ಇಷ್ಟು ವರ್ಷ ಕಟ್ಟಿಯೂ ಸಾಲ ಕರಗದಿರುವುದು ನಿಮ್ಮ ದುಂದುವೆಚ್ಚದಿಂದಲ್ಲ. ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಆದ್ದರಿಂದ ಕಾರ್ಡನ್ನು ಇವತ್ತೇ ಒಳಗಿಡಿ. ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಎಂದು ಬ್ಯಾಂಕಿಗೆ ಬರೆಯಿರಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಅದಕ್ಕೂ ಮುಂಚೆ ಗಂಡನ ಜೊತೆ ಕುಳಿತು ಒಂದು ಲೆಕ್ಕ ಬರೆಯಿರಿ. ಆಟೋದ ಆದಾಯವನ್ನು ಒಳ್ಳೆಯ ತಿಂಗಳಿನದ್ದಲ್ಲ, ಜೋರು ಮಳೆಯ ಆಟಿ ತಿಂಗಳಿನದ್ದು ಹಿಡಿಯಿರಿ. ಅಕ್ಕಿ, ಸಾಮಾನು, ಮಕ್ಕಳ ಫೀಸು, ಮದ್ದು, ಡೀಸೆಲ್ ಕಳೆದು ಉಳಿಯುವುದೇ ನಿಮ್ಮ ಕಂತಿನ ಶಕ್ತಿ. ಅದಕ್ಕಿಂತ ಜಾಸ್ತಿ ಯಾರಿಗೂ ಮಾತು ಕೊಡಬೇಡಿ. ಕುಟುಂಬಶ್ರೀ ಕಂತು ತಪ್ಪಿಸಬೇಡಿ, ಹೊರೆ ಅಕ್ಕಪಕ್ಕದವರ ಮೇಲೆ ಬೀಳುತ್ತದೆ. ಪರ್ಸನಲ್ ಲೋನಿನ ಅವಧಿ ಹೆಚ್ಚಿಸಲು ಕೇಳಿ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ ನಿಜ, ಆದರೆ ತಿಂಗಳ ಕಂತು ಇಳಿಯುತ್ತದೆ. ಮಿಕ್ಕಿದ್ದೆಲ್ಲ ಕಾರ್ಡಿಗೆ ಹೋಗಲಿ. ಈ ಲೆಕ್ಕದ ಪ್ರತಿಯನ್ನೇ ಅರ್ಜಿಯ ಜೊತೆ ಬ್ಯಾಂಕಿಗೆ ಕೊಟ್ಟು, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಬ್ಯಾಂಕಿನವರು ‘ಸ್ವಲ್ಪ ಕಟ್ಟಿ, ಸೆಟಲ್ ಮಾಡೋಣ’ ಎಂದರೆ ಆತುರ ಬೇಡ. ನಿಮ್ಮ ಸಾಲದ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಉಳಿದರೆ ಮುಂದೆ ಸಾಲ ಸಿಗುವುದು ಕಷ್ಟ. ಪೂರ್ತಿ ತೀರಿಸಿದರೆ ‘ಕ್ಲೋಸ್ಡ್’ ಎಂದಾಗುತ್ತದೆ. ಹೊಸ ಸಾಲ ಮಾಡಿ ಹಳೆಯದನ್ನು ತೀರಿಸಿ ಎಂದರೆ ಷರತ್ತುಗಳ ಹಾಳೆಯನ್ನು ಕನ್ನಡದಲ್ಲೇ ಕೇಳಿ. 2024ರ ಅಕ್ಟೋಬರ್ 1ರಿಂದ ಹೊಸ ಪರ್ಸನಲ್ ಲೋನುಗಳ ಮುಖ್ಯಾಂಶಗಳನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮಲಯಾಳ ಓದಲು ಬಾರದ ನಮ್ಮ ಕಾಸರಗೋಡಿನ ಎಷ್ಟೋ ಮಂದಿ ಅರ್ಥವಾಗದ ಕಾಗದಕ್ಕೆ ಸುಮ್ನೆ ಸಹಿ ಹಾಕಿ ಬರುತ್ತಾರೆ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು.

ರಾತ್ರಿ ಒಂಬತ್ತಕ್ಕೂ ವಸೂಲಿಯವರು ಫೋನು ಮಾಡುತ್ತಾರೆ ಎಂದಿದ್ದೀರಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಫೋನು ಮಾಡುವ ಹಾಗಿಲ್ಲ. ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ಕೋರ್ಟಿನ ನೋಟೀಸು ಬಂದರೆ ಹೆದರಿ ಮುಚ್ಚಿಡಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಬಳೆಯ ಅಡವಿನ ಅವಧಿ ಯಾವಾಗ ಮುಗಿಯುತ್ತದೆ ಎಂದು ನೀವು ಬರೆದಿಲ್ಲ. ಚೀಟಿ ತೆಗೆದು ಇವತ್ತೇ ನೋಡಿ. ದಿನ ಹತ್ತಿರ ಇದ್ದರೆ ಬಡ್ಡಿಯನ್ನಾದರೂ ಕಟ್ಟಿ ಅವಧಿ ಮುಂದುವರಿಸಲು ಆಗುತ್ತದೆಯೇ ಎಂದು ಶಾಖೆಯಲ್ಲಿ ಕೇಳಿ. ಹರಾಜಿಗೆ ಹೋದ ಮೇಲೆ ಕೇಳಿ ಉಪಯೋಗವಿಲ್ಲ.