ಉಡುಪಿಯ ಚಳಿಗಾಲದಲ್ಲಿ ಕಾರಿನ ಎಂಜಿನ್ ಬಿಸಿ ಮಾಡಿಯೇ ಹೊರಡಬೇಕೇ?

ಡಿಸೆಂಬರ್ ಬೆಳಿಗ್ಗೆ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಹೊರಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮಂಗಳೂರು, ಉಡುಪಿಯ ಚಳಿ ಎಂದರೆ 20 ಡಿಗ್ರಿಯ ಆಸುಪಾಸು. ಎಂಜಿನ್ನಿಗೆ ಅದು ಚಳಿಯೇ ಅಲ್ಲ.

ಕೆನಡಾ, ನಾರ್ವೆಯಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದಾಗ ಆಯಿಲ್ ಜೋನಿಬೆಲ್ಲದಂತೆ ಮಂದವಾಗುತ್ತದೆ, ಬ್ಯಾಟರಿಯೂ ಸೊರಗುತ್ತದೆ. ಅದಕ್ಕೇ ಅಲ್ಲಿ ಕಾರಿಗೆ ವಿದ್ಯುತ್ ತಂತಿ ಸಿಕ್ಕಿಸಿ, ಹೀಟರಿನಿಂದ ಎಂಜಿನ್ನಿನ ಕೂಲಂಟನ್ನು (ಎಂಜಿನ್ ಸುತ್ತ ಹರಿಯುವ ದ್ರವವನ್ನು) ಬೆಚ್ಚಗಿಡುತ್ತಾರೆ.

ನಮ್ಮಲ್ಲಿ ಉಳಿದಿರುವುದು ಹಳೆಯ ಕಾರುಗಳ ಅಭ್ಯಾಸ. ಅವುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬ್ಯುರೇಟರ್ ಇತ್ತು, ಎಂಜಿನ್ ತಣ್ಣಗಿದ್ದಾಗ ಗಾಳಿ ಕಡಿಮೆ ಮಾಡಲು ಕೈಯಿಂದ ಚೋಕ್ ಎಳೆಯಬೇಕಿತ್ತು. ಈಗಿನ ಇಂಜೆಕ್ಷನ್ (ಪೆಟ್ರೋಲನ್ನು ಅಳೆದು ಸಿಂಪಡಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರು ತಣ್ಣಗಿದ್ದಾಗ ತಾನಾಗಿಯೇ ಹೆಚ್ಚು ಪೆಟ್ರೋಲ್ ಹರಿಸುತ್ತದೆ. ನಿಂತಲ್ಲೇ ಬಹಳ ಹೊತ್ತು ಓಡಿಸಿದರೆ ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನೇ ತೊಳೆಯುತ್ತದೆ. ಕಾಳಜಿಯಿಂದ ಮಾಡಿದ್ದು ಸವೆತಕ್ಕೆ ದಾರಿಯಾಗುತ್ತದೆ. ಅರ್ಧ ನಿಮಿಷ ಸಾಕು. ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಮನೆಯಿಂದ ಹೊರಟೊಡನೆ ಮಣಿಪಾಲದ ಏರು ಎದುರಾದರೆ ಆಕ್ಸಿಲರೇಟರನ್ನು ಜೋರಾಗಿ ತುಳಿಯಬೇಡಿ. ಡೀಸೆಲ್ ಕಾರಾದರೆ, ಎಂಜಿನ್ನಿನೊಳಗಿನ ಹೀಟರ್ ಕಾಯುತ್ತಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ.

ಇನ್ನೊಂದು ಮಾತು: ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಜೀವವನ್ನೇ ತೆಗೆಯುತ್ತದೆ.